ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಒಬ್ಬರ ಮನೆಯಲ್ಲಿ ಉಂಡು ಕೈತೊಳೆದು, ಬಳಿಕ ಮುಖವೆತ್ತಿ ಆ ಮನೆಯ ಕೊರತೆಗಳನ್ನು ಲೆಕ್ಕ ಹಾಕುವವನು ಕೃತಘ್ನನೆಂಬುದು ಈ ಗಾದೆಯ ತಾತ್ಪರ್ಯ. ಪರದೇಶದ ಒಂದು ಸಂಸಾರದಲ್ಲಿ ಹತ್ತು ತಿಂಗಳು ಉಂಡು ಬಂದ ನಾವು, ಆ ಮನೆಯ ವಿಷಯವನ್ನು ಬರೆಯಲು ಕುಳಿತಾಗ, ಈ ಗಾದೆಯೇ ಮೊದಲು ನೆನಪಿಗೆ ಬಂದು ಕೈಯನ್ನು ಹಿಡಿಯಿತು. ಆದರೆ ನಾವು ಎಣಿಸಹೊರಟಿರುವುದು ಅವರ ಮನೆಯ ಜಂತೆಗಳನ್ನಲ್ಲವೆಂಬುದು ವಾಚಕರಿಗೆ ಲೇಖನದ ಕೊನೆಯಷ್ಟರಲ್ಲಿ ತಿಳಿದುಬರುವುದು.

ನಮ್ಮ ಊರು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರ. ಬಸವಣ್ಣನ ಹಳೆಯ ಗುಡಿ, ದೊಡ್ಡ ಕೆರೆ, ಭತ್ತದ ಗದ್ದೆ, ಗೋವಿನಜೋಳದ ಹೊಲ, ಪಡುವಣದಲ್ಲಿ ಮಲೆನಾಡಿನ ಕಾಡಿನ ಅಂಚು. ಇಷ್ಟರಲ್ಲಿ ಊರಿನ ವರ್ಣನೆ ಮುಗಿಯಿತು. ವಿದ್ಯೆಗಾಗಿ ಮನೆ ಬಿಟ್ಟು ಹೋದವರಲ್ಲಿ ನಾವು ನಮ್ಮ ಮನೆತನದ ಮೊದಲಿಗರಲ್ಲ. ನಮ್ಮ ಅಜ್ಜನವರು ಹುಡುಗರಾಗಿದ್ದಾಗ ಇಂಗ್ಲಿಷ್ ಶಾಲೆಗೆಂದು ಧಾರವಾಡಕ್ಕೆ ನಡೆದೇ ಹೋದರು. ಅಲ್ಲಿ ಅವರದು ವಾರಾನ್ನ. ಸೋಮವಾರ ಒಬ್ಬ ವಕೀಲರ ಮನೆ, ಮಂಗಳವಾರ ಒಬ್ಬ ಮಾಸ್ತರರ ಮನೆ, ಹೀಗೆ ಆರು ದಿನಗಳಿಗೆ ಆರು ಮನೆಗಳು. ಗುರುವಾರಕ್ಕೆ ಮಾತ್ರ ಮನೆ ಒದಗಿರಲಿಲ್ಲ. ಆ ದಿನ ಚುರಮುರಿಯೇ ಊಟ. ಆ ಕಾಲದಲ್ಲಿ ಎಷ್ಟೋ ಬಡ ಹುಡುಗರು ಹೀಗೆಯೇ ಓದಿದರು. ೧೯೦೬ರಲ್ಲಿ ಕಾಲವಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟದ್ದು, ಧಾರವಾಡದ ಮುರುಘಾಮಠದಲ್ಲಿ ಪ್ರಸಾದನಿಲಯ ಏರ್ಪಟ್ಟದ್ದು, ಇವೆಲ್ಲ ಓದುವ ಹುಡುಗನ ಹಸಿವನ್ನು ಬಲ್ಲವರು ಮಾಡಿದ ಕೆಲಸಗಳು.

ಅಜ್ಜನವರ ಆರು ಮನೆಗಳಲ್ಲಿ ಐದರಲ್ಲಿ ಅವರನ್ನು ಮನೆಯವರ ಪಂಕ್ತಿಯಲ್ಲಿಯೇ ಕೂಡ್ರಿಸುತ್ತಿದ್ದರಂತೆ. ಆರನೆಯ ಮನೆಯಲ್ಲಿ ಹೊಸ್ತಿಲ ಹೊರಗೆ ತಾಟು ಇಡುತ್ತಿದ್ದರು. ಉಂಡಮೇಲೆ ಅದನ್ನು ಅವರೇ ತೊಳೆದು, ಹೊರಗಿನ ಗೋಡೆಗೆ ಆನಿಸಿ ಬರಬೇಕಾಗಿತ್ತು. ಅದು ಯಾರ ಮನೆಯೆಂದು ನಾವು ಎಷ್ಟು ಸಾರಿ ಕೇಳಿದರೂ ಅವರು ಹೇಳಲಿಲ್ಲ. “ಉಂಡ ಮನೀ ಜಂತಿ ಎಣಸಬಾರದಪಾ” ಎಂದು ನಕ್ಕು, ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು.

ನಾವು ಹೋದದ್ದು ಫ್ರಾನ್ಸು ದೇಶದ ವಿಶಿ ಎಂಬ ಪಟ್ಟಣಕ್ಕೆ, ೨೦೧೭ರ ಸೆಪ್ಟೆಂಬರದಲ್ಲಿ. ಫ್ರೆಂಚ್ ಭಾಷೆಯನ್ನು ಚೆನ್ನಾಗಿ ಕಲಿತು, ಮುಂದೆ ಅದನ್ನೇ ಕಲಿಸುವ ಉದ್ಯೋಗ ಮಾಡಬೇಕೆಂಬುದು ನಮ್ಮ ಆಸೆಯಾಗಿತ್ತು. ಪ್ಯಾರಿಸಿನ ಬೆರ್ಸಿ ನಿಲ್ದಾಣದಲ್ಲಿ ರೈಲು ಹತ್ತಿದರೆ ತೆಂಕಣಕ್ಕೆ ಸುಮಾರು ಮೂರು ತಾಸಿನ ಪ್ರಯಾಣ. ಆಲಿಯೆ ಎಂಬ ನದಿಯ ದಂಡೆಯಲ್ಲಿರುವ ಈ ಊರು ತನ್ನ ಖನಿಜಜಲದ ಬುಗ್ಗೆಗಳಿಗಾಗಿ ಹೆಸರಾದುದು. ೧೮೬೧ರಿಂದ ಮೂರನೆಯ ನೆಪೋಲಿಯನ್ ಬಾದಶಹನು ಇಲ್ಲಿಗೆ ಬಂದು ಇಳಿದುಕೊಳ್ಳತೊಡಗಿದ ಮೇಲಂತೂ ಇದರ ಕೀರ್ತಿ ಬೆಳೆಯಿತು. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಯೂರೋಪಿನ ಇಂಥ ಹನ್ನೊಂದು ಊರುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ವಿಶಿಯೂ ಅವುಗಳಲ್ಲೊಂದಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೦ರಿಂದ ೧೯೪೪ರವರೆಗೆ, ಜರ್ಮನರೊಡನೆ ಕೈಗೂಡಿಸಿದ ಸರಕಾರವು ಇಲ್ಲಿಂದಲೇ ನಡೆದ ಕಾರಣ ಊರಿಗೆ ಕೆಟ್ಟ ಹೆಸರೂ ಉಂಟು. ಊರಿನವರು ಆ ಮಾತನ್ನು ತಾವಾಗಿ ಎತ್ತುವುದಿಲ್ಲ. ಇಲ್ಲಿ ೧೯೬೪ರಿಂದ ಕಾವಿಲಾಂ ಎಂಬ ಭಾಷಾಶಾಲೆ ನಡೆದಿದೆ. ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಾರೆ, ಅವರಲ್ಲಿ ಅನೇಕರು ಊರಿನ ಸಂಸಾರಗಳಲ್ಲಿಯೇ ಇಳಿದುಕೊಳ್ಳುತ್ತಾರೆ. ತಿಂಗಳಿಗೆ ಇಂತಿಷ್ಟೆಂದು ಹಣ ಕೊಡಬೇಕು. ಆದುದರಿಂದ ಇದು ವಾರಾನ್ನವೂ ಅಲ್ಲ, ಖಾನಾವಳಿಯೂ ಅಲ್ಲ, ಎರಡರ ನಡುವಿನದು.

ನಮಗೆ ಒದಗಿದ ಮನೆಯಲ್ಲಿ ಮೂವರಿದ್ದರು. ಎಪ್ಪತ್ತು ದಾಟಿದ ಮನೆಯೊಡತಿ, ಒಂದು ಕಾಲಕ್ಕೆ ಚಿಕ್ಕಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮಗಳು. ಆಕೆಯ ಎಂಟು ವರ್ಷದ ಮಗ. ಮನೆಯೊಡತಿಯನ್ನು ನಾವು ‘ಮದಾಂ’ ಎಂದು ಕರೆಯುತ್ತಿದ್ದೆವು.

ಮೊದಲ ಎರಡು ದಿನ ನಾವು ಅರೆಹೊಟ್ಟೆಯಲ್ಲಿ ಮಲಗಿದೆವು; ಅದಕ್ಕೆ ಕಾರಣ ಒಂದೇ ಒಂದು ಶಬ್ದ. ಮದಾಂ ಪಾತ್ರೆಯನ್ನು ನಮ್ಮ ಮುಂದೆ ಹಿಡಿದು “ಬಡಿಸಲೇ?” ಎಂಬರ್ಥದ ಮಾತು ಕೇಳಿದಾಗ, ನಾವು ವಿನಯದಿಂದ “ಮೆರ್ಸಿ” ಎನ್ನುತ್ತಿದ್ದೆವು. ಆ ಶಬ್ದಕ್ಕೆ ಉಪಕಾರವಾಯಿತೆಂದು ಅರ್ಥವೆಂಬುದನ್ನು ನಾವು ಧಾರವಾಡದಲ್ಲಿಯೇ ಕಲಿತಿದ್ದೆವು. ಆದರೆ ಬಡಿಸುವವರಿಗೆ ಹಾಗೆಂದರೆ ‘ಬೇಡ, ಉಪಕಾರವಾಯಿತು’ ಎಂದೇ ಅವರು ತಿಳಿಯುತ್ತಾರೆಂಬುದು ಯಾವ ಪುಸ್ತಕದಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಪಾತ್ರೆ ಮುಂದಕ್ಕೆ ಹೋಗುತ್ತಿತ್ತು, ನಮ್ಮ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ನಮ್ಮ ಕಡೆಯಲ್ಲಾದರೋ ಉಣ್ಣುವವನು ತಾಟಿನ ಮೇಲೆ ಕೈಯಡ್ಡ ಹಿಡಿದು ಸಾಕು ಸಾಕೆಂದರೂ ಬಡಿಸುವವರು ಬೆರಳ ಸಂದಿಯಲ್ಲಿ ತುಪ್ಪ ಸುರಿಯುತ್ತಾರೆ; ಒಲ್ಲೆನೆನ್ನುವುದು ಮರ್ಯಾದೆ, ಬಡಿಸುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಅಲ್ಲಿ ಒಮ್ಮೆ ಒಲ್ಲೆನೆಂದವನನ್ನು ಎರಡನೆಯ ಸಲ ಕೇಳುವುದು ಅವನ ಮಾತನ್ನು ನಂಬದೆ ಹೋದಂತೆ. ಮೂರನೆಯ ದಿನ ಹುಡುಗನೇ ನಮ್ಮ ಸಂಕಟವನ್ನು ಕಂಡುಹಿಡಿದು, “ಬೇಕಾದರೆ ‘ವಿ’ ಅನ್ನಬೇಕು” ಎಂದು ಕಲಿಸಿದನು. ‘ವಿ’ ಎಂದರೆ ಹೌದು. ಅಂದು ನಾವು ಎಂಟು ಸಲ ಹೌದೆಂದೆವೆಂದು ಅವನು ಬಹುದಿನ ಹೇಳಿಕೊಂಡು ನಗುತ್ತಿದ್ದನು.

ಎರಡನೆಯ ತಪ್ಪು ಸ್ನಾನದ್ದು. ಆ ಮನೆಯ ಬಿಸಿನೀರು ಒಂದು ತೊಟ್ಟಿಯಲ್ಲಿ ರಾತ್ರಿಯಷ್ಟೇ ಕಾಯುವುದು. ಹಂಡೆಯ ನೀರನ್ನು ಉದಾರವಾಗಿ ಸುರಿದುಕೊಂಡು ಬೆಳೆದ ನಾವು ಅದನ್ನೆಲ್ಲ ಒಬ್ಬರೇ ಬರಿದು ಮಾಡಿದೆವು. ರಾತ್ರಿಯ ಪಾಳಿ ಮುಗಿಸಿ ಬಂದ ಮಗಳು ತಣ್ಣೀರಿನಲ್ಲಿ ಮೈತೊಳೆದಳು. ಯಾರೂ ಬೈಯಲಿಲ್ಲ. ಮರುದಿನ ಸ್ನಾನದ ಕೋಣೆಯಲ್ಲಿ ಮರಳುಗಡಿಯಾರವೊಂದು ಬಂದು ಕುಳಿತಿತ್ತು.

ಮೂರನೆಯದು ಊಟದ ವಿಷಯ. ನಾವು ಮಾಂಸ ತಿನ್ನುವವರಲ್ಲವೆಂದು ಮೊದಲೇ ತಿಳಿಸಿದ್ದೆವು. ಒಂದು ಸಂಜೆ ಪ್ವಿ ಪ್ರಾಂತದ ಹಸಿರು ಮಸೂರಬೇಳೆಯನ್ನು ಮದಾಂ ಬಹಳ ಪ್ರೀತಿಯಿಂದ ಬೇಯಿಸಿ ತಂದರು. ನೋಡಿದರೆ ಅದರಲ್ಲಿ ಹಂದಿಮಾಂಸದ ಸಣ್ಣ ತುಣುಕುಗಳು. ಅವರ ಎಣಿಕೆಯಲ್ಲಿ ಅದು ಮಾಂಸವಲ್ಲ, ರುಚಿಗೆ ಹಾಕಿದ ಒಗ್ಗರಣೆ. ನಮ್ಮ ಮುಖ ಕಂಡು ಅವರಿಗೆ ತಿಳಿಯಿತು. ತಮ್ಮ ತಾಟಿನ ಊಟವನ್ನು ಆರಲು ಬಿಟ್ಟು, ಒಳಗೆ ಹೋಗಿ ಆಲೂಗಡ್ಡೆ ಬೇಯಿಸಿ ತಂದರು. ಮರುದಿನ ಪೇಟೆಯಿಂದ ಒಂದು ಸಣ್ಣ ಪಾತ್ರೆಯನ್ನು ಕೊಂಡು ತಂದು, “ಇದು ನಿಮ್ಮದು, ಇದರಲ್ಲಿ ಮಾಂಸ ಬೀಳದು” ಎಂದು ಹೇಳಿ, ಅದನ್ನು ಒಲೆಯ ಬಳಿ ಬೇರೆಯೇ ಮೊಳೆಗೆ ತೂಗುಹಾಕಿದರು. ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿ, ಮೇಲೆ ಕೆನೆ ಸುರಿಯುವ ಆ ಪ್ರಾಂತದ ಕಡುಬಿನಂಥ ತಿನಿಸು, ವಿಶಿಯ ನೀರಿನಲ್ಲಿಯೇ ಬೇಯಿಸಿದ ಗಜ್ಜರಿ, ಇವು ನಮ್ಮ ನಿತ್ಯದ ಊಟವಾದವು.

ಆ ಮನೆಯಲ್ಲಿ ದಿನವು ಗಡಿಯಾರದಂತೆ ನಡೆಯುತ್ತಿತ್ತು. ಬೆಳಿಗ್ಗೆ ಬಟ್ಟಲು ತುಂಬ ಕಾಫಿ, ಅದರಲ್ಲಿ ಬೆಣ್ಣೆ ಸವರಿದ ರೊಟ್ಟಿಯನ್ನು ಅದ್ದಿ ತಿನ್ನುವುದು. ಕತ್ತಲಾಗುತ್ತಲೆ ಕಿಟಕಿಗಳ ಮರದ ಬಾಗಿಲುಗಳನ್ನು ಮುಚ್ಚುವುದು. ಏಳೂವರೆಗೆ ಎಲ್ಲರೂ ಮೇಜಿಗೆ. ಊಟದ ಮೇಜಿಗೆ ತಡವಾಗಿ ಬರುವುದು ಅಲ್ಲಿ ಸಣ್ಣ ಅಪರಾಧವಲ್ಲ. ರೊಟ್ಟಿಯನ್ನು ತಾಟಿನಲ್ಲಿಡದೆ ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ಅದನ್ನು ಕವುಚಿ ಇಟ್ಟರೆ ಅಪಶಕುನವೆಂದು ಮದಾಂ ತಟ್ಟನೆ ತಿರುಗಿಸಿಡುತ್ತಿದ್ದರು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ನಮ್ಮ ಅಭ್ಯಾಸವನ್ನು ಹುಡುಗ ತಿದ್ದಿದನು. ಎರಡು ಕೈಗಳೂ ಮೇಜಿನ ಮೇಲೆ ಕಾಣಬೇಕಂತೆ. ಕೊನೆಯಲ್ಲಿ ರೊಟ್ಟಿಯ ತುಣುಕಿನಿಂದ ತಾಟನ್ನು ಒರಸಿ ತಿನ್ನುವುದನ್ನು ಕಂಡಾಗ ಮಾತ್ರ, ಇವರೂ ನಮ್ಮವರೇ ಎನಿಸಿತು.

ಒಂದು ವಾರ ಕಳೆದ ಬಳಿಕ ನಮ್ಮ ತಾಟಿನ ಬದಿಯಲ್ಲಿ ಒಂದು ಮರದ ಬಳೆ ಇತ್ತು. ಅಲ್ಲಿ ಪ್ರತಿಯೊಬ್ಬರೂ ಬಾಯಿ ಒರಸಿಕೊಳ್ಳುವ ತಮ್ಮ ತಮ್ಮ ಬಟ್ಟೆಯನ್ನು ಸುರುಳಿ ಸುತ್ತಿ, ಇಂಥ ಬಳೆಯಲ್ಲಿ ಸೇರಿಸಿ ಇಡುತ್ತಾರೆ. ಒಬ್ಬರದು ಇನ್ನೊಬ್ಬರದರಲ್ಲಿ ಬೆರೆಯಬಾರದಷ್ಟೆ. ಬಳೆಯ ಮೇಲೆ ಹುಡುಗನು ಬಣ್ಣದಿಂದ ನಮ್ಮ ಹೆಸರನ್ನು, ಒಂದು ಅಕ್ಷರ ತಪ್ಪಿ, ಬರೆದಿದ್ದನು. ಆ ಕೆಂಪು ಹಳದಿ ಬಣ್ಣಗಳನ್ನು ಕಂಡು ನಮಗೆ ಕಲಘಟಗಿಯ ತೊಟ್ಟಿಲು ನೆನಪಾಯಿತು. ಎಂಜಲೆಂಬ ಭಾವನೆ ಅವರಲ್ಲಿಯೂ ಉಂಟೆಂದು ಅಂದು ತಿಳಿದೆವು. ಆದರೆ ಆ ಬೇರೆತನವು ನಮ್ಮನ್ನು ಮೇಜಿನಿಂದ ದೂರ ಮಾಡಲಿಲ್ಲ. ಮೇಜಿನಲ್ಲಿ ನಮಗೊಂದು ಸ್ಥಳವನ್ನು ಗೊತ್ತುಮಾಡಿತು.

ನವೆಂಬರದ ಒಂದು ಸಂಜೆ, ಹೊರಗೆ ಮಂಜು ಕವಿದಿದ್ದಾಗ, ನಾವು ಊರಿನಿಂದ ಬಂದ ಚಿತ್ರಗಳನ್ನು ದೂರವಾಣಿಯಲ್ಲಿ ಮದಾಂ ಅವರಿಗೆ ತೋರಿಸುತ್ತಿದ್ದೆವು. ಅವುಗಳಲ್ಲೊಂದು ಶೀಗಿಹುಣ್ಣಿಮೆಯದು. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಚಿತ್ರದಲ್ಲಿ ನಮ್ಮವರೆಲ್ಲ ಮಾವಿನ ಮರದ ಕೆಳಗೆ ಸುತ್ತಾಗಿ ಕುಳಿತಿದ್ದರು. ಹತ್ತು ಮಾರು ಆಚೆ, ಬದುವಿನ ಮೇಲೆ, ತಲೆತುಂಬ ಸೆರಗು ಹೊದ್ದ ಒಬ್ಬ ಮುದುಕಿ, ತನ್ನ ಮನೆಯಿಂದ ತಂದ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮೂವತ್ತು ವರ್ಷಗಳಿಂದ ನಮ್ಮ ಹೊಲದಲ್ಲಿ ದುಡಿದವಳು. ಮಗುವಾಗಿದ್ದಾಗ ನಮ್ಮನ್ನು ಹೊಲದಲ್ಲಿ ಬಗಲಲ್ಲೆತ್ತಿ ತಿರುಗಿದವಳು. ನಾವು ಅವಳನ್ನು ‘ಆಯಿ’ ಎಂದೇ ಕರೆಯುತ್ತ ಬಂದವರು.

ಮದಾಂ ಕನ್ನಡಕ ಸರಿಪಡಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಳಿಕ ಒಲೆಯ ಬಳಿ ತೂಗುತ್ತಿದ್ದ ನಮ್ಮ ಸಣ್ಣ ಪಾತ್ರೆಯ ಕಡೆಗೆ ಕೈದೋರಿ, “ಈ ಅಜ್ಜಿಯೂ ನಿಮ್ಮ ಹಾಗೆಯೇ ಬೇರೆ ಅಡಿಗೆ ಉಣ್ಣುವವರೇ?” ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿ ಯಾವ ಕೊಂಕೂ ಇರಲಿಲ್ಲ. ಒಬ್ಬರಿಗೆ ಪಾತ್ರೆಯನ್ನು ಬೇರೆ ಇಡುವುದೆಂದರೆ ಅವರ ವ್ರತವನ್ನು ಕಾಪಾಡುವುದಕ್ಕೆಂದೇ ಅವರು ತಿಳಿದಿದ್ದರು. ಬೇರೆ ತಾಟಿಗೆ ಇನ್ನೊಂದು ಕಾರಣವೂ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ನಾವು “ವಿ” ಎಂದೆವು. ಹುಡುಗನು ಕಲಿಸಿಕೊಟ್ಟ ಶಬ್ದವು ಅಂದು ಸುಳ್ಳಿಗೆ ಉಪಯೋಗವಾಯಿತು.

ಆ ರಾತ್ರಿ ನಿದ್ರೆ ಬಾರದೆ ನಾವು ಅಜ್ಜನವರ ಆರನೆಯ ಮನೆಯನ್ನು ನೆನೆದೆವು. ಹೊಸ್ತಿಲ ಹೊರಗೆ ಉಂಡು, ತಾಟು ತೊಳೆದು, ಗೋಡೆಗೆ ಆನಿಸಿ ಬಂದವರ ಮೊಮ್ಮಕ್ಕಳು ನಾವು. ಅದೇ ಅಜ್ಜನವರು ಕಟ್ಟಿಸಿದ ಮನೆಯ ಹೊರಗಟ್ಟೆಯ ಗೂಡಿನಲ್ಲಿ ಆಯಿಯ ಚಹದ ಬಟ್ಟಲು ಬೇರೆಯಾಗಿ ಇತ್ತು. ಅಸ್ಪೃಶ್ಯತೆಯು ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯಿಂದ ರದ್ದಾಯಿತೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸಿದ್ದೆವು. ಮನೆಗೆ ಬಂದು ಆ ಗೂಡಿನ ಮುಂದಿನಿಂದಲೇ ಒಳಗೆ ಹೋಗಿ ಉಂಡಿದ್ದೆವು. ಅಜ್ಜನವರು ಉಂಡ ಮನೆಯ ಜಂತೆಯನ್ನು ಎಣಿಸಲಿಲ್ಲ, ಸರಿ. ತಮ್ಮ ಮನೆಯದನ್ನೂ ಎಣಿಸಲಿಲ್ಲ. ನಾವೂ ಎಣಿಸಲಿಲ್ಲ.

ಜನವರಿಯ ಆರನೆಯ ತಾರೀಖಿಗೆ ಅವರಲ್ಲಿ ಅರಸರ ಹಬ್ಬ. ಬಾದಾಮಿಯ ಹೂರಣ ತುಂಬಿದ ದುಂಡನೆಯ ಭಕ್ಷ್ಯವೊಂದನ್ನು ಮಾಡಿ, ಅದರೊಳಗೆ ಒಂದು ಸಣ್ಣ ಗೊಂಬೆಯನ್ನು ಹುದುಗಿಸಿಡುತ್ತಾರೆ. ಹಿಂದಿನ ಕಾಲದಲ್ಲಿ ಗೊಂಬೆಯ ಬದಲು ಒಂದು ಅವರೆಕಾಳು. ಯಾರ ಪಾಲಿನಲ್ಲಿ ಅದು ಸಿಕ್ಕುವುದೋ ಅವರಿಗೆ ಕಾಗದದ ಕಿರೀಟ. ಪಕ್ಷಪಾತ ನಡೆಯಬಾರದೆಂದು ಮನೆಯ ಅತಿ ಕಿರಿಯರು ಮೇಜಿನ ಕೆಳಗೆ ಕುಳಿತು, ಕಾಣದೆಯೇ, “ಇದು ಇಂಥವರಿಗೆ” ಎಂದು ಕೂಗಿ ಹೇಳಬೇಕು. ನಾವು ನಾಲ್ವರಿದ್ದೆವು, ಮದಾಂ ಐದು ಪಾಲು ಮಾಡಿದರು. ಐದನೆಯದು ಯಾರಿಗೆಂದು ಕೇಳಿದ್ದಕ್ಕೆ, ಅದು ಬಡವರ ಪಾಲು, ಬಾಗಿಲಿಗೆ ಬಂದವರಿಗೆ ಕೊಡಲೆಂದು ಹಿಂದಿನಿಂದ ತೆಗೆದಿಡುವ ವಾಡಿಕೆ ಎಂದರು. “ಯಾರಾದರೂ ಬರುತ್ತಾರೆಯೇ?” ಎಂದು ಹುಡುಗ ಮೇಜಿನ ಕೆಳಗಿನಿಂದ ಕೇಳಿದನು. “ನನ್ನ ಕಾಲದಲ್ಲಿ ಯಾರೂ ಬಂದದ್ದನ್ನು ಕಾಣೆ” ಎಂದರು ಮದಾಂ. ಮರುದಿನ ಬೆಳಿಗ್ಗೆ ಆ ಪಾಲನ್ನು ಹುಡುಗನೇ ತಿಂದನು. ನಾವು ಭೂತಾಯಿಗೆ ಚೆಲ್ಲುವ ಚರಗವೂ, ಅವರು ಬಡವರಿಗೆಂದು ತೆಗೆದಿಡುವ ಪಾಲೂ ಒಂದೇ ಜಾತಿಯವೆಂದು ತೋರಿತು: ಕಾಣದವರಿಗೆ ಕೊಡುವುದು ಸುಲಭ, ಕಣ್ಣೆದುರಿಗೆ ಬದುವಿನ ಮೇಲೆ ಕುಳಿತವರಿಗೆ ಜಾಗ ಕೊಡುವುದೇ ಕಷ್ಟ.

ಆ ರಾತ್ರಿ ಮದಾಂ ತಾಟು ತೊಳೆಯುತ್ತಿದ್ದಾಗ, ನಾವು ಒರಸುತ್ತ ನಿಂತು, ನಮಗೆ ಬಂದಷ್ಟು ಫ್ರೆಂಚಿನಲ್ಲಿ ನಿಜವನ್ನು ಹೇಳಿದೆವು. ನಾಚಿಕೆಯನ್ನು ಹೇಳುವುದಕ್ಕೆ ಅರೆಬರೆ ಭಾಷೆಯೇ ಒಳ್ಳೆಯದು. ಅದರಲ್ಲಿ ನೆಪಗಳನ್ನು ಜೋಡಿಸಲು ಬರುವುದಿಲ್ಲ. ಮದಾಂ ಕೈಯಲ್ಲಿದ್ದ ತಾಟನ್ನು ನೀರಿನಲ್ಲಿಯೇ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಉಪದೇಶ ಮಾಡಲಿಲ್ಲ. ಅವರ ತಂದೆಯ ತಾಯಿ ಒಂದು ಹೊಲಮನೆಯ ಒಡತಿಯಾಗಿದ್ದರಂತೆ. ಗಂಡಸರೂ ಆಳುಗಳೂ ಮೇಜಿನಲ್ಲಿ ಉಣ್ಣುವಾಗ ಆಕೆ ಒಲೆಯ ಬಳಿ ನಿಂತೇ ಬಡಿಸಿ, ಆಮೇಲೆ ನಿಂತೇ ಉಣ್ಣುತ್ತಿದ್ದರಂತೆ. ಕುಳಿತು ಉಂಡದ್ದನ್ನು ಮದಾಂ ಒಂದು ದಿನವೂ ನೋಡಿರಲಿಲ್ಲ. “ಅಜ್ಜಿ ಏಕೆ ಕುಳಿತುಕೊಳ್ಳುವುದಿಲ್ಲವೆಂದು ನಾನು ಕೇಳಲಿಲ್ಲ. ಕೇಳುವ ಬುದ್ಧಿ ಬರುವಷ್ಟರಲ್ಲಿ ಅವರು ಇರಲಿಲ್ಲ” ಎಂದರು. ಬಳಿಕ, “ನಿಮ್ಮ ಆಯಿ ಇನ್ನೂ ಇದ್ದಾರಲ್ಲವೇ?” ಎಂದು ಕೇಳಿ, ತಾಟನ್ನು ಮತ್ತೆ ಕೈಗೆತ್ತಿಕೊಂಡರು.

೨೦೧೮ರ ಜೂನಿನಲ್ಲಿ ನಾವು ಹಿಂದಿರುಗಿದೆವು. ಹೊರಡುವ ದಿನ ಮದಾಂ ಮರದ ಬಳೆಯನ್ನು ನಮ್ಮ ಪೆಟ್ಟಿಗೆಯಲ್ಲಿಟ್ಟರು. ಸಣ್ಣ ಪಾತ್ರೆಯನ್ನು ಮಾತ್ರ ಮೊಳೆಯಲ್ಲಿಯೇ ಉಳಿಸಿಕೊಂಡು, “ಇದು ಇಲ್ಲಿಯೇ ಇರಲಿ, ನೀವು ಬಂದರೆ ಬೇಕಾಗುತ್ತದೆ” ಎಂದರು.

ಆ ವರ್ಷದ ಶೀಗಿಹುಣ್ಣಿಮೆಗೆ ಎಂದಿನಂತೆ ಹೊಲಕ್ಕೆ ಹೋದೆವು. ಚರಗ ಚೆಲ್ಲಿಯಾಯಿತು. ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಬುತ್ತಿಯನ್ನ, ಎಲ್ಲವೂ ಮಾವಿನ ಕೆಳಗೆ ಸಿದ್ಧವಾದವು. ಆಯಿ ತನ್ನ ತಾಟು ಹಿಡಿದು ಬದುವಿನ ಕಡೆಗೆ ನಡೆದಳು. ಅವಳನ್ನು ನಮ್ಮ ಸಾಲಿಗೆ ಕರೆಯುವ ಧೈರ್ಯ ನಮಗೆ ಆಗಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಆದಕಾರಣ ನಮ್ಮ ತಾಟನ್ನೇ ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕುಳಿತೆವು. ಅವಳು ಗಾಬರಿಯಿಂದ ಸರಿದು, “ಬ್ಯಾಡ್ರಿ ಯಪ್ಪಾ, ಅತ್ತಾಗ ಕುಂದರ್ರಿ. ಅವ್ವಾರು ಏನಂದಾರು?” ಎಂದಳು. ತಂದೆಯವರು ಹೊಲದ ಕಡೆಗೆ ಮುಖ ತಿರುಗಿಸಿದರು. ತಾಯಿಯವರು ಹೋಳಿಗೆಯ ಬುಟ್ಟಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬದುವಿನವರೆಗೆ ನಡೆದು ಬಂದು ಇಬ್ಬರಿಗೂ ಬಡಿಸಿದರು. ಆಯಿಯ ತಾಟಿಗೆ ಎಂದಿನಂತೆ ಮೇಲಿನಿಂದಲೇ ಹಾಕಿದರು. ಆದರೆ ತಿರುಗಿ ಹೋದವರು ತುಪ್ಪದ ಗಿಂಡಿಯನ್ನು ತಂದು, “ಇನ್ನೊಂದು ಹಾಕ್ಲೇನ?” ಎಂದು ಆಯಿಯನ್ನು ಕೇಳಿದರು. ಇಷ್ಟು ವರ್ಷಗಳಲ್ಲಿ ಅವಳನ್ನು ಎರಡನೆಯ ಸಲ ಕೇಳಿದ್ದು ನಮಗೆ ನೆನಪಿಲ್ಲ.

ದೀಪಾವಳಿಗೆ ಆಯಿಯನ್ನು ಮನೆಗೆ ಕರೆದೆವು. ಅವಳು ಬಹಳ ಹೇಳಿಸಿಕೊಂಡು ಪಡಸಾಲೆಯವರೆಗೆ ಬಂದಳು. ಬಾಗಿಲ ಪಕ್ಕದಲ್ಲಿಯೇ ಗೋಡೆಗಾನಿಸಿ ಕುಳಿತಳು, ನಡುಮನೆಗೆ ಬರಲಿಲ್ಲ. ತಾಟು ನಮ್ಮ ಮನೆಯದು. ಉಂಡಾದ ಮೇಲೆ ಅವಳು ಅಭ್ಯಾಸದಂತೆ ತಾಟನ್ನೆತ್ತಿಕೊಂಡು ತೊಳೆಯಲು ಹಿತ್ತಿಲಿಗೆ ಹೊರಟಾಗ, ತಾಯಿಯವರು ಒಳಗಿನಿಂದಲೇ, “ಇರ್ಲಿ ಬಿಡು, ಅಲ್ಲೇ ಇಡು” ಎಂದರು. ಬಳಿಕ ಬಂದು ನಮ್ಮೆಲ್ಲರ ತಾಟುಗಳ ಜೊತೆಗೆ ಅದನ್ನೂ ಎತ್ತಿಕೊಂಡು ಹೋದರು. ಆ ವಿಷಯದಲ್ಲಿ ಅವರು ನಮ್ಮೊಡನೆ ಅಂದೂ ಮಾತಾಡಲಿಲ್ಲ, ಇಂದಿಗೂ ಮಾತಾಡಿಲ್ಲ.

ಇದರಿಂದ ನಮ್ಮ ಮನೆ ತಿದ್ದಿತೆಂದು ಹೇಳಿಕೊಳ್ಳುವಷ್ಟು ನಾವು ದಿಟ್ಟರಲ್ಲ. ಹೊಸ್ತಿಲಿನಿಂದ ನಡುಮನೆಗೆ ನಾಲ್ಕೇ ಹೆಜ್ಜೆ. ಅಂದು ಆಯಿ ಇಟ್ಟದ್ದು ಒಂದು, ನಾವು ಇಟ್ಟದ್ದು ಅದಕ್ಕಿಂತ ಕಡಿಮೆ. ಪರದೇಶಕ್ಕೆ ಹೋಗಿ ನೀವು ಏನು ಕಲಿತಿರೆಂದು ಕೇಳುವವರಿಗೆ ನಾವು ಭಾಷೆಯೆಂದು ಉತ್ತರ ಕೊಡುತ್ತೇವೆ, ಅದು ನಿಜವೇ. ಆದರೆ ರಾತ್ರಿ ಪಡಸಾಲೆಯಲ್ಲಿ ಮಲಗಿ ಮೇಲೆ ನೋಡುವಾಗ, ಅಜ್ಜನವರು ಹಾಕಿಸಿದ ಜಂತೆಗಳು ಸಾಲಾಗಿ ಕಾಣುತ್ತವೆ. ಈ ಮನೆಯ ಜಂತೆಗಳನ್ನು ಎಣಿಸಬಾರದೆಂದು ಯಾವ ಗಾದೆಯೂ ಹೇಳಿಲ್ಲ.